ಶ್ರಾವಕಾಚಾರದ ಆಹಾರವಿಧಿಯಲ್ಲಿ ಜೀವದಯೆ ಮತ್ತು ಸ್ವಾಸ್ಥ್ಯ

೧

ನೀರನ್ನು ಬಟ್ಟೆಯಿಂದ ಸೋಸಿ ಬಳಸುವುದು, ಕರೆದ ಹಾಲನ್ನು ಎರಡು ಗಳಿಗೆಯೊಳಗೆ ಸೋಸಿ ಕಾಯಿಸುವುದು, ಬೀಸಿದ ಹಿಟ್ಟನ್ನು ಋತುವಿಗೆ ತಕ್ಕಷ್ಟು ದಿನ ಮಾತ್ರ ಇರಿಸಿಕೊಳ್ಳುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ಇವು ಜೈನ ಗೃಹಸ್ಥರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಆಚಾರಗಳು. ಈ ಆಚಾರಗಳನ್ನು ಕುರಿತು ಈಚಿನ ಕಾಲದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಪ್ರಾಚೀನಾಚಾರ್ಯರು ಇಂದಿನ ಆರೋಗ್ಯವಿಜ್ಞಾನವನ್ನು ಮೊದಲೇ ಅರಿತು ಈ ವಿಧಿಗಳನ್ನು ರಚಿಸಿದರು, ಆದುದರಿಂದ ಪ್ರತಿಯೊಂದು ವಿಧಿಯೂ ವೈದ್ಯಕೀಯ ನಿಯಮವೇ ಆಗಿದೆ ಎಂಬುದು ಒಂದು. ಇವು ಕೇವಲ ವ್ರತಗಳು, ದೇಹದ ಆರೋಗ್ಯಕ್ಕೂ ಇವಕ್ಕೂ ಯಾವ ಸಂಬಂಧವೂ ಇಲ್ಲ, ಆರೋಗ್ಯದ ಮಾತೆತ್ತುವುದೇ ಧರ್ಮವನ್ನು ಕೀಳುಗಳೆಯುವುದು ಎಂಬುದು ಇನ್ನೊಂದು.

ಶ್ರಾವಕಾಚಾರ ಗ್ರಂಥಗಳನ್ನೂ ಜೈನ ವೈದ್ಯಗ್ರಂಥಗಳನ್ನೂ ಜೊತೆಗಿರಿಸಿ ನೋಡಿದರೆ ಈ ಎರಡು ಅಭಿಪ್ರಾಯಗಳೂ ನಿಲ್ಲುವುದಿಲ್ಲ. ಪ್ರಾಚೀನಾಚಾರ್ಯರು ಜೀವದಯೆಯನ್ನು ಒಂದು ಕಾರಣವಾಗಿಯೂ ದೇಹಹಿತವನ್ನು ಬೇರೊಂದು ಕಾರಣವಾಗಿಯೂ ಸ್ಪಷ್ಟವಾಗಿ ಗುರುತಿಸಿದ್ದಾರೆ. ಎರಡನ್ನೂ ಮನ್ನಿಸಿದ್ದಾರೆ, ಒಂದರಲ್ಲಿ ಇನ್ನೊಂದನ್ನು ಬೆರೆಸಿಲ್ಲ. ಈ ವಿವೇಕವು ಮರೆಯಾದುದರಿಂದ ಗ್ರಂಥಾರ್ಥಕ್ಕೂ ಗೃಹಸ್ಥನ ಅಡುಗೆಮನೆಗೂ ಹಾನಿಯಾಗುತ್ತಿದೆ. ಮುಖ್ಯವಾಗಿ ಜಲಗಾಲನವಿಧಿಯನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

೨

ಮೊದಲು ತ್ಯಾಗದ ಕಾರಣಗಳನ್ನು ನೋಡಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣವ್ರತವನ್ನು ನಿರೂಪಿಸುವ ಸಂದರ್ಭದಲ್ಲಿ ಆಹಾರತ್ಯಾಗದ ಕಾರಣಗಳು ಒಂದೊಂದಾಗಿ ಬರುತ್ತವೆ. ಮಧುಮಾಂಸಗಳನ್ನು ತ್ರಸಜೀವಿಗಳ ಹಿಂಸೆಯನ್ನು ಪರಿಹರಿಸುವುದಕ್ಕಾಗಿಯೂ ಮದ್ಯವನ್ನು ಪ್ರಮಾದದ ಪರಿಹಾರಕ್ಕಾಗಿಯೂ ಬಿಡಬೇಕು. ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂವು, ಕೇದಗೆ ಮೊದಲಾದುವನ್ನು ಫಲ ಅಲ್ಪ, ಘಾತ ಬಹಳ ಎಂಬ ಕಾರಣದಿಂದ ಬಿಡಬೇಕು. ಇಷ್ಟನ್ನು ಹೇಳಿದ ಮೇಲೆ ಆಚಾರ್ಯರು ಇನ್ನೆರಡು ಕಾರಣಗಳನ್ನು ಬೇರೆಯಾಗಿ ಹೇಳುತ್ತಾರೆ: ಅನಿಷ್ಟವಾದುದು ಮತ್ತು ಅನುಪಸೇವ್ಯವಾದುದು. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ನಿವೃತ್ತನಾಗುವುದೇ ವ್ರತ ಎಂದೂ ಅಲ್ಲಿಯೇ ಸೇರಿಸುತ್ತಾರೆ.

ಇಲ್ಲಿ ಅನಿಷ್ಟ ಶಬ್ದದ ಅರ್ಥವೇನು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶೀಲವ್ರತಗಳನ್ನು ಹೇಳುವ ಸೂತ್ರಕ್ಕೆ ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ಯಾನ, ವಾಹನ, ಆಭರಣಗಳನ್ನು ಉದಾಹರಿಸಿ, ಇಷ್ಟು ಮಾತ್ರ ತನಗೆ ಇಷ್ಟ, ಉಳಿದುದು ಅನಿಷ್ಟ ಎಂದು ನಿಶ್ಚಯಿಸಿಕೊಳ್ಳಬೇಕೆಂಬ ಅರ್ಥದಲ್ಲಿ ಅದನ್ನು ಬಳಸಿದ್ದಾರೆ. ರತ್ನಕರಂಡಕಕ್ಕೆ ಟೀಕೆಯನ್ನು ಬರೆದ ಪ್ರಭಾಚಂದ್ರರ ವಿವರಣೆ ಇದಕ್ಕಿಂತ ಭಿನ್ನವಾದುದು. ಹೊಟ್ಟೆಶೂಲೆ ಮೊದಲಾದುವಕ್ಕೆ ಹೇತುವಾಗಿ ತನ್ನ ಪ್ರಕೃತಿಗೆ ಸಾತ್ಮ್ಯವಾಗದೆ ಇರುವುದು ಅನಿಷ್ಟ ಎಂಬುದು ಅವರ ಅಭಿಪ್ರಾಯ. ಸಾತ್ಮ್ಯವೆಂಬುದು ವೈದ್ಯಶಾಸ್ತ್ರದ ಪರಿಭಾಷೆ. ದೇಹಕ್ಕೆ ಒಗ್ಗಿ ಹಿತವಾಗಿರುವುದು ಎಂದು ಅದರ ಅರ್ಥ. ಶುದ್ಧವಾದ, ಹಿಂಸಾರಹಿತವಾದ ಪದಾರ್ಥವೇ ಆದರೂ ಒಬ್ಬನ ದೇಹಕ್ಕೆ ಅಹಿತವಾದರೆ ಅದು ಅವನ ಪಾಲಿಗೆ ತ್ಯಾಜ್ಯವೆಂದು ಶ್ರಾವಕಾಚಾರದ ಟೀಕೆಯೇ ಹೇಳಿದಂತಾಯಿತು.

ಅಕಲಂಕದೇವರ ತತ್ತ್ವಾರ್ಥವಾರ್ತಿಕದಲ್ಲಿ ಈ ಕಾರಣಗಳು ಐದು ಭೇದಗಳಾಗಿ ವ್ಯವಸ್ಥಿತಗೊಂಡಿವೆ: ತ್ರಸಘಾತ, ಪ್ರಮಾದ, ಬಹುವಧ, ಅನಿಷ್ಟ, ಅನುಪಸೇವ್ಯ. ಮೊದಲನೆಯದೂ ಮೂರನೆಯದೂ ಪರಜೀವಿಗಳ ಹಿತವನ್ನು ಕುರಿತವು. ಎರಡನೆಯದು ಚಿತ್ತದ ಎಚ್ಚರವನ್ನು ಕುರಿತದ್ದು. ಕೊನೆಯದು ಶಿಷ್ಟಾಚಾರವನ್ನು ಕುರಿತದ್ದು. ಪ್ರಭಾಚಂದ್ರರ ವಿವರಣೆಯನ್ನು ಒಪ್ಪಿದರೆ ನಾಲ್ಕನೆಯದರಲ್ಲಿ ದೇಹಹಿತಕ್ಕೆ ಸ್ಥಾನ ದೊರೆಯುತ್ತದೆ. ಎಲ್ಲ ನಿಷೇಧಗಳೂ ಆರೋಗ್ಯಕ್ಕಾಗಿಯೇ ಇದ್ದಿದ್ದರೆ ಅನಿಷ್ಟವನ್ನು ಬೇರೆಯಾಗಿ ಹೇಳುವ ಅಗತ್ಯವಿರಲಿಲ್ಲ. ಆರೋಗ್ಯಕ್ಕೆ ಸ್ಥಾನವೇ ಇಲ್ಲದಿದ್ದರೆ ಟೀಕಾಕಾರರು ಹೊಟ್ಟೆಶೂಲೆಯ ಮಾತನ್ನು ತರುತ್ತಿರಲಿಲ್ಲ.

೩

ವೈದ್ಯಗ್ರಂಥಗಳಲ್ಲಿಯೂ ಇದೇ ವಿವೇಕವನ್ನು ಕಾಣಬಹುದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಸಂಸ್ಕೃತದಲ್ಲಿರುವ ಜೈನ ಆಯುರ್ವೇದ ಗ್ರಂಥಗಳಲ್ಲಿ ಪ್ರಮುಖವಾದುದು. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಇದು ೧೯೪೦ರಲ್ಲಿ ಸೋಲಾಪುರದಿಂದ ಪ್ರಕಟವಾಯಿತು. ದ್ವಾದಶಾಂಗಗಳಲ್ಲಿ ಕೊನೆಯದಾದ ದೃಷ್ಟಿವಾದದ ಪ್ರಾಣಾವಾಯಪೂರ್ವವೇ ವೈದ್ಯಶಾಸ್ತ್ರದ ಮೂಲವೆಂಬ ಪರಂಪರೆಯನ್ನು ಈ ಗ್ರಂಥ ಅನುಸರಿಸುತ್ತದೆ. ಮದ್ಯ, ಮಾಂಸ, ಮಧು ಇವು ಮೂರನ್ನೂ ಔಷಧಗಳಿಂದ ದೂರವಿರಿಸಿರುವುದು ಇದರ ವೈಶಿಷ್ಟ್ಯ. ಕೊನೆಯಲ್ಲಿ ಸೇರಿರುವ ಹಿತಾಹಿತಾಧ್ಯಾಯವು ಮಾಂಸಸೇವನೆಯ ನಿಷ್ಫಲತೆಯನ್ನು ಕುರಿತು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಂಡಿಸಿದ ವಾದವೆಂದು ಗ್ರಂಥದಿಂದಲೇ ತಿಳಿಯುತ್ತದೆ.

ಈ ಗ್ರಂಥದಲ್ಲಿ ಸ್ವಾಸ್ಥ್ಯವನ್ನು ಎರಡಾಗಿ ವಿಭಾಗಿಸಲಾಗಿದೆ. ಕರ್ಮಕ್ಷಯದಿಂದ ಆತ್ಮನಿಗೆ ದೊರೆಯುವ ಅವಿನಾಶಿಯಾದ ಸುಖವು ಪಾರಮಾರ್ಥಿಕ ಸ್ವಾಸ್ಥ್ಯ, ಅದು ಪ್ರಧಾನವಾದುದು. ಜಠರಾಗ್ನಿ, ಧಾತುಗಳು, ದೋಷಗಳು ಸಮಸ್ಥಿತಿಯಲ್ಲಿದ್ದು ಇಂದ್ರಿಯಮನಸ್ಸುಗಳು ಪ್ರಸನ್ನವಾಗಿರುವುದು ವ್ಯವಹಾರಸ್ವಾಸ್ಥ್ಯ. ಎರಡನೆಯದು ಮೊದಲನೆಯದಕ್ಕೆ ಸಮಾನವಲ್ಲ. ಹಾಗೆಂದು ಅದು ಉಪೇಕ್ಷಣೀಯವೂ ಅಲ್ಲ. ಆದುದರಿಂದಲೇ ಉಗ್ರಾದಿತ್ಯರು ಚಿಕಿತ್ಸೆಗೆ ಮುನ್ನ ಸ್ವಾಸ್ಥ್ಯರಕ್ಷಣೆಯ ಅಧಿಕಾರವನ್ನಿರಿಸಿ, ಧಾನ್ಯಗಳ ಗುಣಾಗುಣ, ಅನ್ನಪಾನದ ವಿಧಿ ಮೊದಲಾದುವನ್ನು ಅಲ್ಲಿ ನಿರೂಪಿಸಿದ್ದಾರೆ. ಮಾಂಸವರ್ಜನವನ್ನು ಅವರು ಧರ್ಮದ ಮಾತಿಗಷ್ಟೇ ಬಿಡದೆ ವೈದ್ಯರ ಸಭೆಯಲ್ಲಿ ವೈದ್ಯಕ ಯುಕ್ತಿಗಳಿಂದಲೂ ಸಮರ್ಥಿಸಬೇಕಾಯಿತೆಂಬುದು ಗಮನಾರ್ಹ. ಆಯಾ ಪ್ರಶ್ನೆಗೆ ಆಯಾ ಪ್ರಮಾಣದಿಂದಲೇ ಉತ್ತರಿಸಬೇಕೆಂಬ ತತ್ತ್ವ ಇದರಿಂದ ವ್ಯಕ್ತವಾಗುತ್ತದೆ.

ಕನ್ನಡದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವನು ೧೨ನೆಯ ಶತಮಾನದ ಜಗದ್ದಳ ಸೋಮನಾಥ. ಪೂಜ್ಯಪಾದರ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಕಲ್ಯಾಣಕಾರಕವನ್ನು ಆಧರಿಸಿ ಅವನು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಅಲ್ಲಿಯ ಚಿಕಿತ್ಸೆಯೂ ಮದ್ಯಮಾಂಸಮಧುರಹಿತವಾದುದೇ. ಸಂಸ್ಕೃತವನ್ನರಿಯದ ಗೃಹಸ್ಥನಿಗೂ ದೇಹರಕ್ಷಣೆಯ ತಿಳಿವಳಿಕೆ ಅವನ ಭಾಷೆಯಲ್ಲಿಯೇ ದೊರೆಯಬೇಕೆಂಬ ಉದ್ದೇಶ ಇಂಥ ಗ್ರಂಥಗಳ ಹಿಂದೆ ಇದೆ.

೪

ಇನ್ನು ಜಲಗಾಲನದ ವಿಚಾರ. ಅಷ್ಟಮೂಲಗುಣಗಳನ್ನು ಎಣಿಸುವುದರಲ್ಲಿ ಆಚಾರ್ಯರಲ್ಲಿ ಮತಭೇದವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಸಮಂತಭದ್ರರು ಮದ್ಯಮಾಂಸಮಧುತ್ಯಾಗದೊಡನೆ ಐದು ಅಣುವ್ರತಗಳನ್ನು ಹೇಳಿದರೆ, ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರರು ಆ ಮೂರರೊಡನೆ ಐದು ಉದುಂಬರಫಲಗಳ ತ್ಯಾಗವನ್ನು ಹೇಳುತ್ತಾರೆ. ಮಾಳವದ ನಲಕಚ್ಛಪುರದಲ್ಲಿದ್ದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹಿಂದಿನ ಮತಗಳನ್ನು ಸಂಗ್ರಹಿಸಿ, ಮತ್ತೊಂದು ಗಣನೆಯನ್ನೂ ಕೊಡುತ್ತಾರೆ. ಅದರಲ್ಲಿ ರಾತ್ರಿಭೋಜನತ್ಯಾಗ, ಪಂಚಪರಮೇಷ್ಠಿಸ್ತುತಿ, ಜೀವದಯೆಗಳೊಡನೆ ಜಲಗಾಲನವೂ ಸೇರಿದೆ. ಸಾಗಾರಧರ್ಮಾಮೃತಕ್ಕೆ ಅವರೇ ಬರೆದ ಭವ್ಯಕುಮುದಚಂದ್ರಿಕಾ ಟೀಕೆಯ ಕಾಲ ವಿಕ್ರಮ ಸಂವತ್ ೧೨೯೬, ಅಂದರೆ ಕ್ರಿ.ಶ. ೧೨೩೯. ನೀರನ್ನು ಸೋಸುವ ಮನೆಗೆಲಸವು ಶ್ರಾವಕನ ಮೂಲಗುಣಗಳ ಸಾಲಿನಲ್ಲಿ ನಿಂತದ್ದು ಈ ವಿಧಿಯ ಇತಿಹಾಸದಲ್ಲಿ ಒಂದು ಮಹತ್ತ್ವದ ಘಟ್ಟ.

ಆಶಾಧರರು ಈ ವ್ರತಕ್ಕೆ ದೋಷಗಳನ್ನೂ ಹೇಳಿದ್ದಾರೆ. ಎರಡು ಮುಹೂರ್ತಗಳು ಕಳೆದ ಮೇಲೆ ಮತ್ತೆ ಸೋಸದಿರುವುದು ಒಂದು ದೋಷ. ಕೆಟ್ಟ ಬಟ್ಟೆಯಿಂದ ಸೋಸುವುದು ಎರಡನೆಯದು. ಸೋಸಿ ಉಳಿದುದನ್ನು ಅದೇ ಜಲಾಶಯಕ್ಕೆ ಬಿಡದೆ ಬೇರೆಡೆ ಹಾಕುವುದು ಮೂರನೆಯದು. ಈ ಮೂರನೆಯ ದೋಷದಿಂದಲೇ ವಿಧಿಯ ಉದ್ದೇಶವು ನಿಸ್ಸಂದೇಹವಾಗಿ ತಿಳಿಯುತ್ತದೆ. ಕುಡಿಯುವವನ ಆರೋಗ್ಯ ಮಾತ್ರವೇ ಗುರಿಯಾಗಿದ್ದರೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಎಲ್ಲಿಯಾದರೂ ಚೆಲ್ಲಬಹುದಾಗಿತ್ತು. ಅವುಗಳನ್ನು ಅವು ಹುಟ್ಟಿದ ನೀರಿಗೇ ಮರಳಿಸಬೇಕೆಂಬ ಕಟ್ಟಳೆಯು ಆ ಜೀವಿಗಳ ರಕ್ಷಣೆಗಾಗಿ ಹುಟ್ಟಿದುದು.

ಬಟ್ಟೆಯ ಅಳತೆಯನ್ನೂ ಕಾಲದ ಮಿತಿಯನ್ನೂ ಹೇಳುವ ಮುಕ್ತಕ ಶ್ಲೋಕಗಳು ಅನಂತರದ ಸಂಕಲನಗಳಲ್ಲಿ ವಿಶೇಷ ಪ್ರಚಾರದಲ್ಲಿವೆ. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ವಸ್ತ್ರವನ್ನು ಇಮ್ಮಡಿಸಿ ಸೋಸಬೇಕೆಂಬುದು ಒಂದು. ಸೋಸಿದ ನೀರಿಗೆ ಒಂದು ಮುಹೂರ್ತ, ಲವಂಗ ಮೊದಲಾದುವನ್ನು ಬೆರೆಸಿ ಪ್ರಾಸುಕಗೊಳಿಸಿದ ನೀರಿಗೆ ಎರಡು ಜಾವ, ಕುದಿಸಿದ ನೀರಿಗೆ ಒಂದು ಅಹೋರಾತ್ರಿ ಮಿತಿ ಎಂಬುದು ಇನ್ನೊಂದು. ಮುಹೂರ್ತವು ೪೮ ನಿಮಿಷ. ಆಶಾಧರರ ಮಿತಿ ೯೬ ನಿಮಿಷವಾದರೆ ಮುಕ್ತಕದ ಮಿತಿ ಅದರ ಅರ್ಧ. ಈ ಭೇದವನ್ನು ಮರೆಮಾಚುವ ಕಾರಣವಿಲ್ಲ. ಕಾಲಾನುಕ್ರಮದಲ್ಲಿ ವಿಧಿಯು ಬಿಗಿಯಾದುದನ್ನು ಇದು ಸೂಚಿಸಬಹುದು. ಎರಡು ಸಂಪ್ರದಾಯಗಳ ಭೇದವೂ ಆಗಿರಬಹುದು. ಸಂಖ್ಯೆಯಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಐಕಮತ್ಯವಿದೆ: ಒಮ್ಮೆ ಸೋಸಿದ ನೀರು ಸದಾಕಾಲಕ್ಕೂ ಶುದ್ಧವಲ್ಲ, ಶುದ್ಧಿಗೆ ಅವಧಿಯುಂಟು, ಅವಧಿ ಮುಗಿದೊಡನೆ ಎಚ್ಚರವನ್ನು ಹೊಸದಾಗಿ ತಂದುಕೊಳ್ಳಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ನೀರೇ ಶರೀರವಾಗಿರುವ ಅಪ್ಕಾಯಿಕ ಜೀವಿಗಳು ಬೇರೆ, ನೀರಿನಲ್ಲಿ ಚಲಿಸುವ ತ್ರಸಜೀವಿಗಳು ಬೇರೆ. ಬಟ್ಟೆಯಿಂದ ಬೇರ್ಪಡುವುವು ತ್ರಸಜೀವಿಗಳು ಮಾತ್ರ. ಒಂದು ಹನಿ ನೀರಿನಲ್ಲಿ ೩೬,೪೫೦ ಜೀವಿಗಳನ್ನು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ಪಾಶ್ಚಾತ್ಯನು ಸೂಕ್ಷ್ಮದರ್ಶಕದಿಂದ ಎಣಿಸಿದನೆಂಬ ಮಾತು ಅನೇಕ ಜೈನ ಪುಸ್ತಿಕೆಗಳಲ್ಲಿ ಅಪ್ಕಾಯಸಿದ್ಧಿಗೆ ಪ್ರಮಾಣವಾಗಿ ಬರುತ್ತದೆ. ಚಲಿಸುವ ಜೀವಿಗಳ ಎಣಿಕೆಯು ಅಪ್ಕಾಯದ ಸಿದ್ಧಿಗೆ ಪ್ರಮಾಣವಾಗಲಾರದು. ಒಂದು ಹನಿಯ ಎಣಿಕೆಯು ಎಲ್ಲ ನೀರಿಗೂ ಅನ್ವಯಿಸಲಾರದು. ಆಗಮದ ಗಾಂಭೀರ್ಯಕ್ಕೆ ಇಂಥ ಆಸರೆಗಳು ಬೇಕಾಗಿಯೂ ಇಲ್ಲ.

೫

ಹಾಗಾದರೆ ಜೀವದಯೆಗಾಗಿ ಹುಟ್ಟಿದ ಈ ಆಚಾರದಿಂದ ದೇಹಕ್ಕೆ ಪ್ರಯೋಜನವಾದುದುಂಟೆ? ಇದು ಬೇರೆ ಪ್ರಶ್ನೆ. ಇದಕ್ಕೆ ಉತ್ತರವನ್ನು ರೋಗಗಳ ಇತಿಹಾಸದಲ್ಲಿ ಹುಡುಕಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ಎಂಬ ಬಾಧೆ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು. ರೋಗಿಯು ಮೆಟ್ಟಿಲುಬಾವಿಗೆ ಇಳಿದಾಗ ಹುಣ್ಣಿನಿಂದ ಹೊರಬಿದ್ದ ಮರಿಹುಳುಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜಲಜೀವಿಯ ಒಡಲನ್ನು ಸೇರುತ್ತವೆ. ಆ ನೀರನ್ನು ಸೋಸದೆ ಕುಡಿದವನ ದೇಹದಲ್ಲಿ ಹುಳು ಬೆಳೆದು, ಸುಮಾರು ಒಂದು ವರ್ಷದ ಮೇಲೆ ಹೆಚ್ಚಾಗಿ ಕಾಲಿನಿಂದ ಹೊರಬರುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ, ಅದನ್ನು ಗುಣಪಡಿಸುವ ಔಷಧವೂ ಇಲ್ಲ. ೧೯೮೩–೮೪ರಲ್ಲಿ ಭಾರತ ಸರಕಾರವು ಆರಂಭಿಸಿದ ನಿರ್ಮೂಲನ ಕಾರ್ಯಕ್ರಮದ ಸಾಧನಗಳು ಸರಳವಾದುವು: ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವುದು, ಕೊಳವೆಬಾವಿಗಳನ್ನು ತೋಡಿಸುವುದು, ಸೈಕ್ಲಾಪ್ಸ್‌ಗಳನ್ನು ನಾಶಪಡಿಸುವ ಔಷಧವನ್ನು ನೀರಿಗೆ ಬೆರೆಸುವುದು, ಕುಡಿಯುವ ನೀರನ್ನು ಬಟ್ಟೆಯಿಂದ ಸೋಸುವುದು. ೧೯೯೬ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದಲ್ಲಿ ಕಂಡುಬಂದುದೇ ದೇಶದ ಕೊನೆಯ ಪ್ರಕರಣ. ೨೦೦೦ದ ಫೆಬ್ರವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಬಟ್ಟೆಯಲ್ಲಿ ನಿಲ್ಲುವ ತ್ರಸಜೀವಿಯೇ ಇಲ್ಲಿ ರೋಗದ ವಾಹಕವೂ ಆಗಿದೆ. ಜೀವದಯೆಯಿಂದ ನೀರನ್ನು ಸೋಸಿದ ಮನೆಯು ತಾನರಿಯದೆಯೇ ಈ ರೋಗದಿಂದ ರಕ್ಷಣೆಯನ್ನು ಪಡೆಯಿತು. ಆದರೆ ಜಲಜೀವಿಗಳನ್ನು ಕೊಲ್ಲುವ ಸಾಧನವು ವ್ರತಕ್ಕೆ ವಿರುದ್ಧವಾದುದು. ಬಾವಿಯ ಮೆಟ್ಟಿಲನ್ನು ಮುಚ್ಚಿಸುವುದಾಗಲಿ, ಬಟ್ಟೆಯಿಂದ ಸೋಸುವುದಾಗಲಿ ಅದಕ್ಕೆ ಅವಿರುದ್ಧವಾದುದು. ಎರಡು ಕಾರಣಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯ ಸಾಕ್ಷ್ಯವು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ್ದು. ಅಲ್ಲಿ ಕಾಲರಾ ರೋಗಾಣುಗಳು ನೀರಿನ ಸೂಕ್ಷ್ಮ ಜಲಚರಗಳಿಗೆ ಅಂಟಿಕೊಂಡಿರುತ್ತವೆಂಬುದನ್ನು ಗಮನಿಸಿದ ರೀಟಾ ಕೋಲ್ವೆಲ್, ಅನ್ವರ್ ಹಕ್ ಮತ್ತು ಸಹೋದ್ಯೋಗಿಗಳು ೬೫ ಹಳ್ಳಿಗಳಲ್ಲಿ ಪರೀಕ್ಷೆಯನ್ನು ನಡೆಸಿ ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಳೆಯ ಹತ್ತಿಸೀರೆಯನ್ನು ಕನಿಷ್ಠ ನಾಲ್ಕು ಮಡಿಕೆ ಮಾಡಿ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ನೂರಕ್ಕೆ ೪೮ರಷ್ಟು ಕಡಿಮೆಯಾಯಿತು. ಹಾಗೆ ಮಡಿಸಿದ ಹಳೆಯ ಬಟ್ಟೆಯ ರಂಧ್ರಗಳು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟಾಗಿ, ಜಲಚರಗಳು ಅದರಲ್ಲಿ ನಿಲ್ಲುತ್ತವೆ.

ಈ ಫಲಿತಾಂಶವನ್ನು ಜಲಗಾಲನದ ಜಯವೆಂದು ಸಾರುವ ಮುನ್ನ ಅದರ ಇನ್ನೊಂದು ಮುಖವನ್ನೂ ಓದಬೇಕು. ನೂರಕ್ಕೆ ೪೮ ಕಡಿಮೆಯಾಯಿತೆಂದರೆ ಅರ್ಧಕ್ಕಿಂತ ಹೆಚ್ಚು ರೋಗ ಉಳಿದುಕೊಂಡಿತೆಂದೇ ಅರ್ಥ. ಜಲಚರಗಳಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ರೋಗಾಣುಗಳು ಆ ರಂಧ್ರಕ್ಕಿಂತ ಎಷ್ಟೋ ಪಾಲು ಚಿಕ್ಕವು. ಬಟ್ಟೆ ಅವನ್ನು ತಡೆಯಲಾರದು. ವಿಷಮಜ್ವರ, ಕಾಮಾಲೆ ಮೊದಲಾದುವುಗಳ ಕಾರಣಗಳನ್ನೂ ನೀರಿನಲ್ಲಿ ಕರಗಿದ ಫ್ಲೋರೈಡು, ಆರ್ಸೆನಿಕ್ ಮೊದಲಾದ ಪದಾರ್ಥಗಳನ್ನೂ ಅದು ತಡೆಯದು. ಸೋಸಿದ ಮೇಲೆ ಕುದಿಸಿದರೆ ರೋಗಾಣುಗಳು ಉಳಿಯುವುದಿಲ್ಲ. ಕರಗಿದ ಪದಾರ್ಥಗಳು ಮಾತ್ರ ಕುದಿಸಿದರೂ ಹೋಗುವುದಿಲ್ಲ, ಅಲ್ಲಿ ಬೇರೆ ನೀರನ್ನೇ ಹುಡುಕಬೇಕು. ಆದುದರಿಂದ ಬಟ್ಟೆಯಿಂದ ಸೋಸಿದ್ದೇವೆಂಬ ನಂಬಿಕೆಯಿಂದ ಕೊಳದ ನೀರನ್ನು ಹಾಗೆಯೇ ಮಗುವಿಗೆ ಕುಡಿಸುವ ಗೃಹಸ್ಥನು ವ್ರತವನ್ನು ಪಾಲಿಸಿದಂತಾದರೂ ಮಗುವನ್ನು ರಕ್ಷಿಸಿದಂತಾಗುವುದಿಲ್ಲ. ಸೋಸುವುದು ಜೀವದಯೆಗೆ, ಕುದಿಸುವುದು ದೇಹಹಿತಕ್ಕೆ. ಸೋಸಿದ ಮೇಲೆಯೇ ಕುದಿಸುವುದು ಎರಡಕ್ಕೂ. ಮುನಿಗಳಿಗೆ ಆಹಾರವನ್ನು ಸಿದ್ಧಪಡಿಸುವ ಮನೆಗಳಲ್ಲಿ ಈ ಕ್ರಮವೇ ರೂಢಿಯಲ್ಲಿದೆ.

ಅದೇ ಪ್ರದೇಶದಲ್ಲಿ ಐದು ವರ್ಷಗಳ ಅನಂತರ ನಡೆದು ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯೂ ವಿಚಾರಾರ್ಹವಾಗಿದೆ. ಆಗ ನೀರನ್ನು ಸೋಸುವುದನ್ನು ಮುಂದುವರಿಸಿದ್ದ ಮಹಿಳೆಯರು ನೂರಕ್ಕೆ ೩೧ ಮಾತ್ರ. ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಕೊಟ್ಟ ಅಭ್ಯಾಸವು ಹೇಳುವವರು ಹೋದ ಮೇಲೆ ಸಡಿಲವಾಯಿತು. ಶ್ರಾವಕರ ಮನೆಗಳಲ್ಲಿ ಇದೇ ಅಭ್ಯಾಸವು ಆಶಾಧರರ ಕಾಲದಿಂದ ಎಣಿಸಿದರೂ ಏಳು ಶತಮಾನಗಳಿಗೆ ಮಿಗಿಲಾಗಿ ಉಳಿದುಬಂದಿದೆ. ರೋಗದ ಭಯ ರೋಗವಿರುವ ತನಕ, ವ್ರತವಾದರೋ ನಿತ್ಯದ್ದು. ಆಚಾರವನ್ನು ಕೇವಲ ಆರೋಗ್ಯದ ಉಪಾಯವೆಂದು ವ್ಯಾಖ್ಯಾನಿಸುವವರು ಅದನ್ನು ಇಷ್ಟು ಕಾಲ ಕಾಪಾಡಿದ ಬಲವನ್ನೇ ತೆಗೆದುಹಾಕುತ್ತಾರೆಂಬುದನ್ನು ನೆನೆಯಬೇಕು.

೬

ಆಹಾರಪದಾರ್ಥಗಳ ಕಾಲಮಿತಿಗೂ ಇದೇ ವಿವೇಕವನ್ನು ಅನ್ವಯಿಸಬಹುದು. ಹಿಟ್ಟಿಗೆ ಮಳೆಗಾಲದಲ್ಲಿ ೩ ದಿನ, ಬೇಸಿಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ಅನ್ನ, ತೊವ್ವೆಗಳಿಗೆ ಎರಡು ಜಾವ. ನೀರು ಸೋಕದೆ ತುಪ್ಪದಲ್ಲಿ ಕರಿದ ಭಕ್ಷ್ಯಗಳಿಗೆ ಹಿಟ್ಟಿನಷ್ಟೇ ದಿನ ಎಂಬ ಮಿತಿಗಳು ದಿಗಂಬರ ಪರಂಪರೆಯಲ್ಲಿ ರೂಢವಾಗಿವೆ. ಇವುಗಳ ವಿಸ್ತಾರವಾದ ಪಟ್ಟಿಗಳು ಪ್ರಾಚೀನ ಶ್ರಾವಕಾಚಾರಗಳಲ್ಲಿ ಕಾಣಬರುವುದಕ್ಕಿಂತ ೧೮ನೆಯ ಶತಮಾನದ ಹಿಂದಿ ಕ್ರಿಯಾಕೋಶಗಳಂತಹ ಈಚಿನ ಗ್ರಂಥಗಳಲ್ಲಿಯೇ ಹೆಚ್ಚಾಗಿ ಕಾಣಬರುತ್ತವೆ. ಪಟ್ಟಿಯು ಈಚಿನದೆಂದ ಮಾತ್ರಕ್ಕೆ ತತ್ತ್ವವು ಈಚಿನದಲ್ಲ. ಹಸಿಹಾಲು, ಅದರ ಮೊಸರುಮಜ್ಜಿಗೆಗಳೊಡನೆ ಬೆರೆತ ದ್ವಿದಳಧಾನ್ಯ, ಹಳೆಯದಾದ ಕಾಳು, ಮಳೆಗಾಲದಲ್ಲಿ ಒಡೆಯದ ಕಾಳು ಮತ್ತು ಎಲೆಸೊಪ್ಪು ಇವುಗಳನ್ನು ಬಿಡಬೇಕೆಂದು ಆಶಾಧರರು ೧೩ನೆಯ ಶತಮಾನದಲ್ಲಿಯೇ ಹೇಳಿದ್ದಾರೆ. ಕಾಳು ಹಳೆಯದಾದಷ್ಟೂ ಕುಟ್ಟೆಹುಳು ಹಿಡಿಯುತ್ತದೆ. ಒಡೆಯದ ಕಾಳಿನ ಒಳಗಿರುವ ಹುಳು ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದ ಸೊಪ್ಪಿನ ಮರೆಯಲ್ಲಿ ಜೀವಿಗಳು ವಿಶೇಷ. ಆದುದರಿಂದ ನಿಷೇಧದ ಕಾರಣ ತ್ರಸಘಾತವೇ ಆಗಿದೆ.

ಈ ಮಿತಿಗಳಿಂದ ದೇಹಕ್ಕೂ ಒದಗುವ ಉಪಕಾರ ಅಲ್ಪವಲ್ಲ. ತೇವದ ಋತುವಿನಲ್ಲಿ ಧಾನ್ಯಕ್ಕೂ ಹಿಟ್ಟಿಗೂ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ೧೯೭೪ರಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ಯಕೃತ್ತಿನ ರೋಗದಿಂದ ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಈ ವಿಷವು ಜರಡಿಯಿಂದ ಹೋಗುವುದಿಲ್ಲ. ಮನೆಯ ಸಾಮಾನ್ಯ ಅಡುಗೆಯಿಂದಲೂ ಪೂರ್ತಿಯಾಗಿ ನಾಶವಾಗುವುದಿಲ್ಲ. ಮಳೆಗಾಲದಲ್ಲಿ ಹಿಟ್ಟನ್ನು ಮೂರೇ ದಿನಕ್ಕೆ ಸಾಕಾಗುವಷ್ಟು ಬೀಸಿಕೊಳ್ಳುವ ಮನೆಯು ಈ ಅಪಾಯದಿಂದ ಬಹುಮಟ್ಟಿಗೆ ದೂರವಿರುತ್ತದೆ. ಬೀಸುವ ಕಾಳು ಒಣಗಿ ಶುದ್ಧವಾಗಿರಬೇಕೆಂಬುದು ಮಾತ್ರ ಇದಕ್ಕೆ ಸೇರಬೇಕಾದ ಎಚ್ಚರ.

ಎಲ್ಲೆಡೆಯೂ ಹಳೆಯ ಮಿತಿಯು ವೈದ್ಯಕದ ಮಿತಿಗೆ ಹೊಂದುತ್ತದೆಂದು ಹೇಳುವಂತಿಲ್ಲ. ಅನ್ನ, ತೊವ್ವೆಗಳಿಗೆ ಎರಡು ಜಾವ, ಎಂದರೆ ಆರು ಗಂಟೆ, ಸಂಪ್ರದಾಯದ ಮಿತಿ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಉತ್ಪಾದಿಸುವ ವಿಷವು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ವೈದ್ಯಕದ ಮಿತಿ ಬಿಗಿಯಾಗಿರುವಲ್ಲಿ ಅದನ್ನು ಪಾಲಿಸುವುದರಿಂದ ವ್ರತಕ್ಕೆ ಯಾವ ಭಂಗವೂ ಇಲ್ಲ. ಎರಡು ಜಾವದೊಳಗೆ ಎಂಬಲ್ಲಿ ಎರಡು ಗಂಟೆಯೂ ಅಡಕವಾಗಿಯೇ ಇದೆ. ಶೀತಪೆಟ್ಟಿಗೆಯಲ್ಲಿಟ್ಟ ಅಡುಗೆಯು ವೈದ್ಯಕದೃಷ್ಟಿಯಿಂದ ಮರುದಿನಕ್ಕೆ ಸೇವ್ಯವಾಗಬಹುದು, ವ್ರತಿಕನಿಗೆ ಆಗಲಾರದು. ಇಲ್ಲಿ ಎರಡು ಪ್ರಮಾಣಗಳೂ ತಮ್ಮ ತಮ್ಮ ಕ್ಷೇತ್ರದಲ್ಲಿ ನಿಲ್ಲುತ್ತವೆ. ಒಂದನ್ನು ಇನ್ನೊಂದರಿ೦ದ ಖಂಡಿಸುವ ಅಗತ್ಯವಿಲ್ಲ.

ರಾತ್ರಿಭೋಜನದ ವಿಷಯವೂ ಹೀಗೆಯೇ. ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಹಿಂಸೆಯನ್ನು ಹೇಗೆ ಪರಿಹರಿಸಿಯಾನು, ದೀಪ ಹಚ್ಚಿದರೂ ಆಹಾರಕ್ಕೆ ಬಂದು ಸೇರುವ ಸೂಕ್ಷ್ಮಜೀವಿಗಳನ್ನು ತಪ್ಪಿಸುವುದೆಂತು ಎಂಬುದು ಅಮೃತಚಂದ್ರರ ಯುಕ್ತಿ. ಅವರು ಅಲ್ಲಿ ಜೀರ್ಣಶಕ್ತಿಯ ಮಾತನ್ನು ಆಧಾರವಾಗಿಸಿಲ್ಲ. ಮಲಗುವುದಕ್ಕೆ ಎಷ್ಟೋ ಮುನ್ನ ಮಿತವಾಗಿ ಉಂಡು ಮುಗಿಸುವುದರಿಂದ ದೇಹಕ್ಕಾಗುವ ಹಿತವು ಆ ವ್ರತದೊಡನೆ ತಾನಾಗಿ ಬರುವ ಫಲ.

೭

ಕನ್ನಡದ ಅಡುಗೆಯ ಗ್ರಂಥಗಳು ಈ ಚರ್ಚೆಗೆ ಇನ್ನೊಂದು ಬೆಳಕನ್ನು ಕೊಡುತ್ತವೆ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ರಚಿತವಾದ ಲೋಕೋಪಕಾರದ ಕರ್ತೃ ಚಾವುಂಡರಾಯನು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗಮಂತ್ರಿಯಲ್ಲ. ಹೆಸರಿನ ಸಾಮ್ಯದಿಂದ ಭ್ರಮೆಯಾಗಬಾರದು. ಆ ಗ್ರಂಥದಲ್ಲಿ ನೀರು, ವೃಕ್ಷ, ವೈದ್ಯ, ವಿಷ ಮೊದಲಾದ ಲೋಕೋಪಯೋಗಿ ವಿಷಯಗಳೊಡನೆ ಸೂಪಶಾಸ್ತ್ರವೂ ಸೇರಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ರುಬ್ಬಿ ಸಂಬಾರಗಳನ್ನು ಕೂಡಿಸಿ ಇಡ್ಡಲಿಗೆಯನ್ನು ಮಾಡುವ ಕ್ರಮ ಅದರಲ್ಲಿದೆ. ಇಡ್ಡಲಿಗೆಯ ಹೆಸರು ವಡ್ಡಾರಾಧನೆಯಲ್ಲಿಯೂ ಬರುತ್ತದೆ.

೧೬ನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿ ಮೊದಲಾದ ಧರ್ಮಕಾವ್ಯಗಳ ಕರ್ತೃ. ಅವನೇ ಸೂಪಶಾಸ್ತ್ರವನ್ನೂ ವಾರ್ಧಕಷಟ್ಪದಿಯಲ್ಲಿ ರಚಿಸಿದನು. ಪಿಷ್ಟಪಾಕ, ಪಾನಕ, ಅನ್ನಭೇದ, ಶಾಕಪಾಕ ಮೊದಲಾದ ವಿಭಾಗಗಳಿರುವ ಆ ಗ್ರಂಥವು ಶಾಕಾಹಾರಕ್ಕೆ ಮೀಸಲಾದುದು. ಬದನೆ, ಬಾಳೆ, ಹಲಸುಗಳ ಅಡುಗೆಗಳು ಅದರಲ್ಲಿ ವಿವರವಾಗಿ ಬರುತ್ತವೆ. ಬಹುಬೀಜವೆಂಬ ಕಾರಣದಿಂದ ಅನೇಕ ಅಭಕ್ಷ್ಯಗಣನೆಗಳಲ್ಲಿ ಸೇರಿರುವ ಬದನೆಗೆ ಜೈನಪ್ರಭುವೊಬ್ಬನ ಪಾಕಗ್ರಂಥದಲ್ಲಿ ಸ್ಥಾನ ದೊರೆತಿರುವುದನ್ನು ದೋಷವೆಂದು ಎಣಿಸಬೇಕಾಗಿಲ್ಲ. ನಿಷೇಧದ ಪಟ್ಟಿಯನ್ನೇ ನೋಡಿ ಒಂದು ಕಾಲದ ಶ್ರಾವಕರು ಹೀಗೆಯೇ ಉಣ್ಣುತ್ತಿದ್ದರೆಂದು ನಿರ್ಣಯಿಸಲಾಗದೆಂಬುದಕ್ಕೆ ಇದು ಎಚ್ಚರಿಕೆ. ಆಚಾರಗ್ರಂಥವು ಆದರ್ಶವನ್ನು ಹೇಳುತ್ತದೆ. ಪಾಕಗ್ರಂಥವು ಪಾಕಶಾಲೆಯನ್ನು ತೋರಿಸುತ್ತದೆ. ಇತಿಹಾಸಕಾರನಿಗೆ ಎರಡೂ ಬೇಕು. ಕಾವ್ಯಗಳಿಗೆ ದೊರೆತ ಆದರವು ವೈದ್ಯ, ಸೂಪ, ವಿಷಚಿಕಿತ್ಸೆಗಳ ಹಸ್ತಪ್ರತಿಗಳಿಗೂ ದೊರೆಯಬೇಕೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

೮

ಅನಿಷ್ಟತ್ಯಾಗದ ತತ್ತ್ವವು ಇಂದಿನ ಕುಟುಂಬಗಳಿಗೆ ಹಿಂದೆಂದಿಗಿಂತಲೂ ಹೆಚ್ಚು ಸಮೀಪವಾಗಿದೆ. ಶೋಧಿಸಿದ ಹಿಟ್ಟು, ಮನೆಯ ತುಪ್ಪ, ಶುದ್ಧವಾದ ಸಕ್ಕರೆಗಳಿಂದ ಮಿತಿಯೊಳಗೆ ಮಾಡಿದ ಉಂಡೆಯು ತ್ರಸಘಾತದ ದೃಷ್ಟಿಯಿಂದ ನಿರ್ದೋಷವೇ ಇರಬಹುದು. ಮಧುಮೇಹವುಳ್ಳವನಿಗೆ ಅದು ಪ್ರಭಾಚಂದ್ರರ ಅರ್ಥದಲ್ಲಿ ಅನಿಷ್ಟ. ಹಪ್ಪಳ, ಉಪ್ಪಿನಕಾಯಿಗಳು ರಕ್ತದೊತ್ತಡವುಳ್ಳವನಿಗೆ ಅನಿಷ್ಟ. ವಯಸ್ಕನಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಭಕ್ಷ್ಯವೆಂದು ಗ್ರಂಥವು ಒಪ್ಪಿದ ಮಾತ್ರಕ್ಕೆ ಎಲ್ಲರಿಗೂ ಎಷ್ಟು ಬೇಕಾದರೂ ಭಕ್ಷ್ಯವೆಂದು ಅರ್ಥವಲ್ಲ. ಹಾಗೆಯೇ ಮಳೆಗಾಲದಲ್ಲಿ ಸೊಪ್ಪನ್ನು ಬಿಟ್ಟ ಮನೆಯಲ್ಲಿ ಮಕ್ಕಳಿಗೂ ಗರ್ಭಿಣಿಯರಿಗೂ ಒಡೆದ ಬೇಳೆ, ಹಾಲು, ಹಣ್ಣು, ವ್ರತಕ್ಕೆ ಒಪ್ಪುವ ತರಕಾರಿಗಳಿಂದ ಪೋಷಣೆಯನ್ನು ತುಂಬಿಕೊಡುವುದು ಗೃಹಸ್ಥನ ಕರ್ತವ್ಯ. ತೀರ್ಥಂಕರತ್ವಕ್ಕೆ ಕಾರಣವಾದ ಷೋಡಶಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ಅನುಗುಣವಾಗಿ ಎಂದೇ ಸೂತ್ರಕಾರರು ಹೇಳಿರುವುದನ್ನು ಇಲ್ಲಿ ಸ್ಮರಿಸಬೇಕು.

ಆದುದರಿಂದ ಆಹಾರವಿಧಿಗಳನ್ನು ಸಂಪಾದಿಸಿ ಪ್ರಕಟಿಸುವವರ ಮೇಲೆ ವಿಶೇಷ ಹೊಣೆಯಿದೆ. ಒಂದು ಮಿತಿಯು ಯಾವ ಗ್ರಂಥದ್ದು, ಯಾವ ಕಾಲದ್ದು, ಪಾಠಭೇದವೇನು, ಐದು ಕಾರಣಗಳಲ್ಲಿ ಯಾವುದು ಅದರ ಆಧಾರ ಎಂಬುದನ್ನು ಪ್ರತಿಯೊಂದು ವಿಧಿಯೊಡನೆಯೂ ಸೂಚಿಸಿದರೆ ಓದುವ ಗೃಹಸ್ಥನಿಗೆ ಗೊಂದಲವಿರುವುದಿಲ್ಲ. ಆಗಮವು ಹೇಳದ ವೈದ್ಯವನ್ನು ಆಗಮದ ಬಾಯಲ್ಲಿ ಹೇಳಿಸುವುದು ಶ್ರುತಭಕ್ತಿಯಲ್ಲ. ವೈದ್ಯವು ಹೇಳುವ ಹಿತವನ್ನು ಆಗಮದ ಹೆಸರಿನಲ್ಲಿ ತಿರಸ್ಕರಿಸುವುದು ಜೀವದಯೆಯೂ ಅಲ್ಲ. ಮನೆಯ ಮಗುವೂ ವೃದ್ಧನೂ ಜೀವಿಗಳೇ ಅಲ್ಲವೆ? ಬಾವಿಯ ನೀರಿನ ಕಣ್ಣಿಗೆ ಕಾಣದ ಪ್ರಾಣಿಯನ್ನು ಮರಳಿ ಅದರ ನೆಲೆಗೆ ಸೇರಿಸುವಷ್ಟು ಎಚ್ಚರವನ್ನು ಕಲಿಸಿದ ಪರಂಪರೆಯು ಅದೇ ಎಚ್ಚರವನ್ನು ಊಟದ ಮಣೆಯ ಮೇಲೆ ಕುಳಿತವರಿಗೂ ಸಲ್ಲಿಸಬೇಕೆಂದೇ ಉಗ್ರಾದಿತ್ಯ, ಪ್ರಭಾಚಂದ್ರರಂತಹ ಗ್ರಂಥಕಾರರ ಮಾತುಗಳಿಂದ ತಿಳಿದುಬರುತ್ತದೆ.